ಹಿಡಿಯೋದು ಗೊತ್ತು, ಬಿಡೋದು ಗೊತ್ತಿಲ್ಲ: ಕೋಲಾರ–ಚಿಂತಾಮಣಿ ರಗ್ಬಿಯ ಒಂದು ದಿನ

ಪಂದ್ಯ ಭಾನುವಾರ ಬೆಳಗ್ಗೆ 9ಕ್ಕೆ. ಕೆಲಸ ಮಾತ್ರ ಶನಿವಾರ ಮಧ್ಯಾಹ್ನ 2ಕ್ಕೇ ಶುರು, ಅದೂ ಕಲ್ಲು ಆರಿಸುವುದರಿಂದ. ಕೋಲಾರದಲ್ಲಿ ಹುಲ್ಲಿನ ಮೈದಾನದ ಮಾತೆತ್ತಬೇಡಿ. ಸಿಗುವುದು ಗರಸು ನೆಲ, ಮೇಲೆ ಒಂದು ಬೆರಳು ಕೆಂಪು ಧೂಳು. ಕಬಡ್ಡಿಗಾದರೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಕಣಕ್ಕೆ ಮಣ್ಣು ಹಾಕಿ ಹದ ಮಾಡಿದರೆ ಮುಗಿಯಿತು. ರಗ್ಬಿಯಲ್ಲಿ ಆಟಗಾರ ಎಲ್ಲಿ ಬೀಳುತ್ತಾನೆ ಅಂತ ಹೇಳೋಕಾಗಲ್ಲ, ಆದ್ದರಿಂದ ಇಡೀ ಮೈದಾನವನ್ನೇ ಅಂಕಣ ಅಂದುಕೊಂಡು ಗುಡಿಸಬೇಕು. ಹನ್ನೆರಡು ಹುಡುಗರು ಒಂದೊಂದು ಮಾರು ಅಂತರದಲ್ಲಿ ಸಾಲಾಗಿ ನಿಂತು, ಬುಟ್ಟಿ ಹಿಡಿದು ಈ ತುದಿಯಿಂದ ಆ ತುದಿಗೆ ನಡೆಯುವುದು, ಪಕ್ಕಕ್ಕೆ ಸರಿದು ವಾಪಸ್ ಬರುವುದು. ದೊಡ್ಡ ಕಲ್ಲಿಗಿಂತ ಬೆರಳುಗಾತ್ರದ ಚೂಪು ಕಲ್ಲೇ ಅಪಾಯ. ದೊಡ್ಡದು ಕಣ್ಣಿಗೆ ಬೀಳುತ್ತದೆ, ಚಿಕ್ಕದು ಮಂಡಿಗೇ ಸಿಗುವುದು.

ಅಂತರಗಂಗೆ ಬೆಟ್ಟ ಕಾಣುವ ಆ ಮೈದಾನದ ನಡುವೆ ಕ್ರಿಕೆಟ್ಟಿನ ಸಿಮೆಂಟ್ ಪಿಚ್ ಇದೆ. ಅದರ ಮೇಲೆ ಟ್ಯಾಕಲ್ ಮಾಡಿದರೆ, ಅಂದರೆ ಚೆಂಡಿದ್ದವನನ್ನು ಹಿಡಿದು ಕೆಡವಿದರೆ, ಪಂದ್ಯ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ಅದನ್ನು ಹೊರಗಿಟ್ಟು ಅಳೆದಾಗ ಸಿಕ್ಕಿದ್ದು 90 ಮೀಟರ್ ಉದ್ದ, 60 ಮೀಟರ್ ಅಗಲ. ನಿಯಮದ ಕನಿಷ್ಠ ಅಳತೆ 94ಕ್ಕೆ 68. ಎರಡೂ ಕಡೆಯವರು ಒಪ್ಪಿದರು. ಒಪ್ಪಿದ್ದರಿಂದ ಆಟ ಎಷ್ಟು ಬದಲಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಯೋಚಿಸಲಿಲ್ಲ. ಏಳು ಜನರ ರಗ್ಬಿಯಲ್ಲಿ 68 ಮೀಟರ್ ಅಗಲವನ್ನು ಏಳು ಜನ ಕಾದರೆ ತಲೆಗೆ ಹತ್ತಿರ ಹತ್ತಿರ 10 ಮೀಟರ್ ಬರುತ್ತದೆ. 60ಕ್ಕೆ ಇಳಿದರೆ ಎಂಟೂವರೆ. ಓಟಗಾರನಿಗೆ ಸಿಗುವ ಸಂದು ಅಷ್ಟು ಕಿರಿದಾಗುತ್ತದೆ, ಹಿಡಿಯುವವನಿಗೆ ಸಲೀಸು. ಹಿಡಿಯುವುದರಲ್ಲಿ ಪಳಗಿದ ತಂಡಕ್ಕೆ ಇದು ವರ. ಕೋಲಾರದ ಹುಡುಗರಲ್ಲಿ ಹೆಚ್ಚಿನವರು ಕಬಡ್ಡಿಯಿಂದ ಬಂದವರು.

ಮೂಲೆ ಮಟ್ಟ ಹಿಡಿಯಲು ಗಾರೆ ಕೆಲಸದವರ ಲೆಕ್ಕವೇ ಸಾಕು. ಮೂಲೆಯ ಗೂಟದಿಂದ ಉದ್ದಕ್ಕೆ 12 ಮೀಟರ್, ಅಡ್ಡಕ್ಕೆ 9 ಮೀಟರ್ ಗುರುತು ಹಾಕಿ, ಎರಡು ಗುರುತಿನ ನಡುವೆ ಟೇಪ್ ಹಿಡಿದರೆ ಸರಿಯಾಗಿ 15 ಬರಬೇಕು. ಕಣ್ಣಂದಾಜಿನಲ್ಲಿ ಹಗ್ಗ ಎಳೆದರೆ ಆ ತುದಿಗೆ ಹೋಗುವಷ್ಟರಲ್ಲಿ ಗೆರೆ ಎರಡು ಮೂರು ಮೀಟರ್ ಓರೆಯಾಗಿರುತ್ತದೆ. ಗೆರೆಗೆ ಸುಣ್ಣದ ಪುಡಿ ಬೇಡವೇ ಬೇಡ. ಟ್ರೈ ಹಾಕುವವನು, ಅಂದರೆ ಎದುರಾಳಿಯ ಗೋಲ್ ಗೆರೆಗೆ ಹೋಗಿ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸುವವನು, ಗೆರೆಯ ಮೇಲೇ ಎದೆ ಉಜ್ಜಿಕೊಂಡು ಬೀಳುತ್ತಾನೆ. ಬೆವರಿಗೆ ಸುಣ್ಣ ತಾಗಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಹೋದರೆ ಕೇಳುವುದೇ ಬೇಡ. ಅಂಗಡಿಯಲ್ಲಿ ಮೂಟೆಗಟ್ಟಲೆ ಸಿಗುವ ಕಲ್ಲಿನ ರಂಗೋಲಿ ಪುಡಿ ಒಳ್ಳೆಯದು. ಈ ಅಳತೆಗೆ, ಎರಡೂ ತುದಿಯಲ್ಲಿ 6 ಮೀಟರಿನ ಇನ್-ಗೋಲ್ (ಗೋಲ್ ಗೆರೆಯಾಚೆ ಚೆಂಡು ಒತ್ತುವ ಜಾಗ) ಸೇರಿಸಿದರೆ, ತುಂಡು ಗೆರೆ ಬಿಟ್ಟು 624 ಮೀಟರ್ ಗೆರೆ ಆಗುತ್ತದೆ. ಮೀಟರಿಗೆ ನೂರು ಗ್ರಾಂ ಹಿಡಿದರೆ 25 ಕೆಜಿಯ ಮೂರು ಮೂಟೆಯಲ್ಲಿ ಮುಗಿದು ಸ್ವಲ್ಪ ಉಳಿಯುತ್ತದೆ. ಡಬ್ಬಿಯ ತಳಕ್ಕೆ ತೂತು ಮಾಡಿ ನಡೆಯುವ ವೇಗ ಒಂದೇ ಸಮ ಇಟ್ಟುಕೊಳ್ಳುವವನಿಗೆ ಮಾತ್ರ ಆ ಕೆಲಸ ಕೊಡಬೇಕು.

ಕಂಬಕ್ಕೆ ಈ ಸೀಮೆಯಲ್ಲಿ ಬರವಿಲ್ಲ, ನೀಲಗಿರಿ ಇದೆ. 5 ಮೀಟರಿನ ನಾಲ್ಕು ನೆಟ್ಟನೆಯ ಕಂಬ, ಮೂರಡಿ ಗುಂಡಿ. ನೆಲದ ಮೇಲೆ 4 ಮೀಟರ್ ಉಳಿಯುತ್ತದೆ, ನಿಯಮಕ್ಕೆ 3.4 ಮೀಟರ್ ದಾಟಿದರೆ ಸಾಕು. ಎರಡು ಕಂಬದ ನಡುವೆ 5.6 ಮೀಟರ್, ಅಡ್ಡಪಟ್ಟಿಯ ಎತ್ತರ 3 ಮೀಟರ್. ಅಡ್ಡಪಟ್ಟಿಗೆ ಹಿಂದಿನ ಸಲ ಬಿದಿರು ಕಟ್ಟಿ ಕೆಟ್ಟಿದ್ದೆವು, ಮಧ್ಯಾಹ್ನದೊಳಗೆ ನಡುವೆ ಜೋತುಬಿದ್ದು ಕನ್ವರ್ಷನ್ (ಟ್ರೈ ಆದ ಮೇಲೆ ಅಡ್ಡಪಟ್ಟಿಯ ಮೇಲಿಂದ, ಕಂಬಗಳ ನಡುವೆ ಒದೆಯುವುದು) ಒಳಗೋ ಹೊರಗೋ ಅಂತ ಜಗಳ. ಜಿಐ ಪೈಪು 6 ಮೀಟರ್ ಉದ್ದದಲ್ಲೇ ಮಾರಾಟಕ್ಕೆ ಬರುವುದರಿಂದ ಕತ್ತರಿಸುವ ಕೆಲಸವೂ ಇಲ್ಲ, ಎರಡೂ ಕಡೆ ಕ್ಲಾಂಪ್ ಹಾಕಲು ಒಂದು ಗೇಣು ಸಿಗುತ್ತದೆ. ಕಂಬದ ಬುಡದಿಂದ ಆಳೆತ್ತರಕ್ಕೆ ಹಳೆಯ ಹಾಸಿಗೆಯ ಫೋಮ್ ಸುತ್ತಿ ಗೋಣಿ ಹೊಲಿಯಬೇಕು. ಈ ಸುತ್ತು ಗೋಲ್ ಗೆರೆಯಿಂದ ಮೈದಾನದ ಕಡೆಗೆ 30 ಸೆಂಟಿಮೀಟರಿಗಿಂತ ಹೆಚ್ಚು ಚಾಚಬಾರದು. ಹಿಂದೆ ಈ ಗೋಣಿಯ ಬುಡಕ್ಕೆ ಚೆಂಡು ಒತ್ತಿದರೂ ಟ್ರೈ ಆಗುತ್ತಿತ್ತು. 2020ರಲ್ಲಿ ಅದನ್ನು ತೆಗೆದುಹಾಕಿದರು. ಹಳೆಯ ವಿಡಿಯೋ ನೋಡಿ ಕಲಿತವರು ಇನ್ನೂ ಅಲ್ಲಿಗೇ ನುಗ್ಗುತ್ತಾರೆ.

ನೀರಿನ ವಿಷಯದಲ್ಲಿ ಮೋಸ ಹೋಗಬೇಡಿ. 'ಒಂದು ಟ್ಯಾಂಕರ್ ಹೊಡೆಸಿದ್ರೆ ನೆಲ ಮೆತ್ತಗಾಗುತ್ತೆ' ಅಂತ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. 5,000 ಲೀಟರನ್ನು ಆರು ಸಾವಿರ ಚದರ ಮೀಟರಿಗೆ ಹಂಚಿದರೆ ಚದರ ಮೀಟರಿಗೆ ಒಂದು ಲೀಟರೂ ಬರುವುದಿಲ್ಲ, ಅಂದರೆ ಒಂದು ಮಿಲಿಮೀಟರ್ ಮಳೆಗಿಂತ ಕಡಿಮೆ. ಧೂಳು ಅಡಗುತ್ತದೆ, ಅಷ್ಟೆ. ಇರುವ ನೀರನ್ನೆಲ್ಲ ಎರಡೂ ಗೋಲ್ ಗೆರೆಯ ಆಚೀಚೆ ನಾಲ್ಕೈದು ಮೀಟರಿಗೆ ಸುರಿದು, ಮಮ್ಮಟಿಯಲ್ಲಿ ಕೆದಕಿ ಬಿಟ್ಟರೆ ಬೀಳುವವರಿಗೆ ಉಪಕಾರ.

ಚಿಂತಾಮಣಿಯವರು ಟೆಂಪೋ ಮಾಡಿಕೊಂಡು 8ಕ್ಕೆ ಬಂದರು. ಕೋಲಾರಕ್ಕೂ ಚಿಂತಾಮಣಿಗೂ ಇರುವುದು ದಾಯಾದಿ ಮತ್ಸರ. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ಆಗುವವರೆಗೆ ಎರಡೂ ಒಂದೇ ಜಿಲ್ಲೆ. ಟೊಮೆಟೊ ಮಂಡಿಯ ರೇಟಿನಿಂದ ಹಿಡಿದು ಕಬಡ್ಡಿಯವರೆಗೆ ಎಲ್ಲದರಲ್ಲೂ ಪೈಪೋಟಿ. ಎರಡೂ ಕಡೆಯವರಿಗೆ ತೆಲುಗು ಬರುವುದರಿಂದ ಒಬ್ಬರ ಗುಟ್ಟಿನ ಕೂಗು ಇನ್ನೊಬ್ಬರಿಗೆ ಗುಟ್ಟಾಗಿ ಉಳಿಯುವುದೂ ಇಲ್ಲ. ಗೆದ್ದವರಿಗೆ ಕಪ್ಪಿಲ್ಲ. ಹಾಗೆ ನೋಡಿದರೆ ಇಂಗ್ಲೆಂಡ್–ಸ್ಕಾಟ್ಲೆಂಡ್ ಎಂಬ ದಾಯಾದಿಗಳು ಆಡುವ ಕಲ್ಕತ್ತಾ ಕಪ್ ನಮ್ಮ ರೂಪಾಯಿಯದೇ: ಮುಚ್ಚಿಹೋದ ಕಲ್ಕತ್ತಾ ಕ್ಲಬ್ಬೊಂದು ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿಸಿ, 1878ರಲ್ಲಿ ಕೊಟ್ಟದ್ದು. ಹಿಡಿಕೆ ನಾಗರಹಾವು, ಮುಚ್ಚಳದ ಮೇಲೆ ಆನೆ.

ಏಳು ಜನರ ಆಟ ಒಂದರ್ಧಕ್ಕೆ 7 ನಿಮಿಷ, ನಡುವೆ 2 ನಿಮಿಷ ಬಿಡುವು. ಹದಿನಾಲ್ಕು ನಿಮಿಷಕ್ಕಾಗಿ ಟೆಂಪೋ ಬಾಡಿಗೆ ಕೊಟ್ಟು ಬರುವುದು ದಂಡ ಅಂತ ಮೂರು ಆಟ ಇಟ್ಟುಕೊಂಡದ್ದು, ನಡುವೆ ಒಂದೊಂದು ಗಂಟೆ ಬಿಡುವು. ಹದಿನಾಲ್ಕು ನಿಮಿಷ ಅಂದರೆ ಏನು ಮಹಾ ಅನ್ನಿಸುತ್ತದೆ. ಹದಿನೈದು ಜನ ಆಡುವ ಮೈದಾನದಲ್ಲೇ ಏಳು ಜನ ಓಡಬೇಕು ಅಂತ ಗೊತ್ತಾಗುವುದು ನಾಲ್ಕನೇ ನಿಮಿಷಕ್ಕೆ.

ರೆಫ್ರಿ ಬೆಂಗಳೂರಿಂದ ಬಂದಿದ್ದರು. ಮೊದಲು ನೋಡಿದ್ದು ಬೂಟು. ಗಟ್ಟಿ ನೆಲಕ್ಕೆ ಗಿಡ್ಡ ರಬ್ಬರ್ ಗುಬುಟಿನ ಬೂಟೇ ಸರಿ; ಉದ್ದ ಕಬ್ಬಿಣದ ಸ್ಟಡ್ ನೆಲಕ್ಕೆ ಇಳಿಯದೆ ಹಿಮ್ಮಡಿ ಹೊರಳುತ್ತದೆ. ಆಮೇಲೆ ಉಗುರು, ಉಂಗುರ, ಉಡಿದಾರದ ತಾಯಿತ. ಎಲ್ಲಾ ತೆಗೆಸಿದರು. ಚೆಂಡಿಗೆ ಒಂಬತ್ತೂವರೆಯಿಂದ ಹತ್ತು ಪಿಎಸ್‌ಐ ಗಾಳಿ ಇರಬೇಕು. ಸೈಕಲ್ ಪಂಪಿಗೆ ಸೂಜಿ ಹಾಕಿ ಹೊಡೆಯುವಾಗ ಎಲ್ಲರೂ ಮಾಡುವ ತಪ್ಪು ಕಲ್ಲಿನ ಹಾಗೆ ಗಟ್ಟಿ ಮಾಡುವುದು. ಬೆಳಗಿನ ಚಳಿಯಲ್ಲಿ ಸರಿ ಇದ್ದದ್ದು ಹನ್ನೊಂದರ ಬಿಸಿಲಿಗೆ ಉಬ್ಬುತ್ತದೆ, ಗರಸು ನೆಲಕ್ಕೆ ಬಿದ್ದು ಮನಸ್ಸು ಬಂದ ಕಡೆ ಪುಟಿಯುತ್ತದೆ.

ಮೊದಲ ಆಟದಲ್ಲಿ ಆದದ್ದು ಹೀಗೆ. ಚಿಂತಾಮಣಿಯ ಓಟಗಾರ ಚೆಂಡು ಹಿಡಿದು ಬಂದ. ಕೋಲಾರದವನು ಕಾಲಿಗೆ ಬಿದ್ದು ಎರಡೂ ಕೈಯಲ್ಲಿ ಹಿಮ್ಮಡಿ ಹಿಡಿದು ಕೆಡವಿದ. ಕಬಡ್ಡಿಯ ಚೊಕ್ಕ ಆ್ಯಂಕಲ್ ಹೋಲ್ಡ್. ನೋಡುತ್ತಿದ್ದವರು ಶಿಳ್ಳೆ ಹೊಡೆದರು, ರೆಫ್ರಿಯೂ ಶಿಳ್ಳೆ ಊದಿದರು. ಪೆನಾಲ್ಟಿ ಚಿಂತಾಮಣಿಗೆ.

'ಹಿಡಿದೆ ಅಲ್ವಾ ಸಾರ್?'

'ಹಿಡಿದೆ. ಬಿಡಲಿಲ್ಲ.'

ಎರಡು ಆಟದ ವ್ಯತ್ಯಾಸವೆಲ್ಲ ಆ ಎರಡು ಮಾತಿನಲ್ಲಿದೆ. ಕಬಡ್ಡಿಯಲ್ಲಿ ಹಿಡಿದವನ ಕೆಲಸ ರೇಡರಿನ ದಮ್ಮು ಮುಗಿಯುವವರೆಗೆ ಬಿಡದೇ ಇರುವುದು. ರಗ್ಬಿಯಲ್ಲಿ ಚೆಂಡಿದ್ದವನು ನೆಲಕ್ಕೆ ಬಿದ್ದ ಕೂಡಲೇ ಹಿಡಿದವನು ಕೈ ಬಿಡಬೇಕು, ಏಳಬೇಕು, ಎದ್ದ ಮೇಲೆ ತನ್ನ ಕಡೆಯಿಂದ ಬಂದು ಬೇಕಾದರೆ ಚೆಂಡಿಗೆ ಕೈ ಹಾಕಬೇಕು. ಬಿದ್ದವನೂ ಚೆಂಡನ್ನು ಬಿಡಬೇಕು: ತನ್ನವರ ಕಡೆಗೆ ಇಡಬಹುದು, ದೂಡಬಹುದು, ಅಪ್ಪಿಕೊಂಡು ಮಲಗುವ ಹಾಗಿಲ್ಲ. ಇದು ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗುತ್ತದೆ. ಹತ್ತು ವರ್ಷ ಬಿಡಬೇಡ ಅಂತ ಕಲಿತ ಕೈಗೆ ಅರ್ಥವಾಗುವುದಿಲ್ಲ.

ಕೈಯಷ್ಟೇ ಅಲ್ಲ. ಗೆರೆಯ ಹತ್ತಿರ ಓಡುವವನನ್ನು ಕಬಡ್ಡಿಯವರು ಭುಜ ಕೊಟ್ಟು ಹೊರಗೆ ತಳ್ಳುತ್ತಾರೆ, ಡ್ಯಾಶ್. ಕೈಯಿಂದ ತಬ್ಬದೆ ಬರೀ ಭುಜದಲ್ಲಿ ಗುದ್ದಿದರೆ ರಗ್ಬಿಯಲ್ಲಿ ತಪ್ಪು. ಹೊರಗೆ ತಳ್ಳಿದರೂ ತಬ್ಬಿಯೇ ತಳ್ಳಬೇಕು. ಭುಜದ ಗೆರೆಗಿಂತ ಮೇಲೆ ಕೈ ಹೋದರೆ ಇನ್ನೂ ದೊಡ್ಡ ತಪ್ಪು. ಮೊದಲ ಆಟದಲ್ಲಿ ಕೋಲಾರದ ಮೇಲೆ 8 ಪೆನಾಲ್ಟಿ ಬಿದ್ದವು, ಐದು ಬಿಡದೇ ಇದ್ದದ್ದಕ್ಕೆ, ಎರಡು ಡ್ಯಾಶಿಗೆ. ಅದೇ ತಪ್ಪು ಮತ್ತೆ ಮತ್ತೆ ಆದಾಗ ಹಳದಿ ಕಾರ್ಡ್ ಬಂತು. ಹದಿನಾಲ್ಕು ನಿಮಿಷದ ಆಟದಲ್ಲಿ 2 ನಿಮಿಷ ಆರೇ ಜನ. ಆ ಎರಡು ನಿಮಿಷದಲ್ಲಿ ಚಿಂತಾಮಣಿ ಎರಡು ಟ್ರೈ ಹಾಕಿತು. 17–12.

ಹತ್ತಿರದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಹಿರಿಯರೊಬ್ಬರು ಬಾವುಟ ಹಿಡಿದು ಗೆರೆ ಕಾಯುತ್ತಿದ್ದ ನನ್ನನ್ನು ಕೇಳಿದರು: 'ಚೆಂಡು ಹಿಂದಕ್ಕೆ ಎಸೀತಾರೆ, ಮುಂದಕ್ಕೆ ಓಡ್ತಾರೆ. ಇದ್ಯಾವ ಲೆಕ್ಕಾನಪ್ಪಾ?' ಲೆಕ್ಕ ಅದೇ ತಾತ, ಅಂದೆ. ಚೆಂಡು ಕೈಯಿಂದ ಮುಂದಕ್ಕೆ ಹೋಗುವಂತಿಲ್ಲ. ಮುಂದೆ ಹೋಗಬೇಕಾದ್ದು ಮನುಷ್ಯ. ಆದ್ದರಿಂದ ಚೆಂಡಿಲ್ಲದವರೆಲ್ಲ ಚೆಂಡಿದ್ದವನಿಗಿಂತ ಹಿಂದೆ ಇರಬೇಕು, ಹಿಂದಿನಿಂದ ವೇಗವಾಗಿ ಬಂದು ತೆಗೆದುಕೊಳ್ಳಬೇಕು. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್‌ರೋಸ್ ಊರಿನ ಕ್ಲಬ್ಬಿನವರು ದುಡ್ಡು ಕೂಡಿಸಲು ಹದಿನೈದರ ಆಟವನ್ನು ಏಳಕ್ಕೆ ಇಳಿಸಿದರು, 2016ರ ರಿಯೊ ಒಲಿಂಪಿಕ್ಸಿಗೆ ಅದೇ ಹೋಯಿತು ಅಂತಲೂ ಹೇಳಿದೆ. ಅವರಿಗೆ ಅದು ಬೇಕಿರಲಿಲ್ಲ. 'ಏಳೇ ಜನ ಅಂದ್ರೆ ಕಬಡ್ಡೀನೇ ಬಿಡು' ಅಂದರು. ಅವರು ಹೇಳಿದ್ದೇ ನಮ್ಮ ಹುಡುಗರ ರೋಗ.

ಬಿಡುವಿನ ಒಂದು ಗಂಟೆಯಲ್ಲಿ ಭಾಷಣ ಮಾಡಿ ಪ್ರಯೋಜನವಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ, ನಡಿಗೆಯ ವೇಗದಲ್ಲಿ ಟ್ಯಾಕಲ್ ಮಾಡಿಸಿದ್ದು ಕೆಲಸಕ್ಕೆ ಬಂತು. ಹೆಜ್ಜೆ ಚಿಕ್ಕದು ಮಾಡು. ಕಣ್ಣು ಎದುರಾಳಿಯ ಮುಖದ ಮೇಲಲ್ಲ, ಸೊಂಟದ ಮೇಲೆ. ಮುಖ ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ. ತಲೆ ಅವನ ಮೈಯ ಹಿಂಬದಿಗೆ ಹೋಗಬೇಕು, ಮುಂಬದಿಗೆ ಹೋದರೆ ಅವನ ಮಂಡಿಯೇ ಕೆನ್ನೆಗೆ. ಮೊದಲು ಭುಜ ತಾಗಬೇಕು, ಆಮೇಲೆ ತೋಳು ಸುತ್ತಬೇಕು, ಕಾಲು ಓಡುತ್ತಲೇ ಇರಬೇಕು. ಕಬಡ್ಡಿಯಲ್ಲಿ ಒಳಕ್ಕೆ ಎಳೆಯುವ ಅಭ್ಯಾಸ. ಇಲ್ಲಿ ಎಳೆದರೆ ಅವನು ನಮ್ಮ ಮೇಲೇ ಬಿದ್ದು ಎರಡು ಮೀಟರ್ ಮುಂದೆ ಹೋಗಿರುತ್ತಾನೆ. ಬಿದ್ದ ಮೇಲೆ ಎರಡೂ ಕೈ ಎತ್ತಿ ಒಂದು ಚಪ್ಪಾಳೆ. ಕೊನೆಯದೇ ಮುಖ್ಯ. ಚಪ್ಪಾಳೆ ಹೊಡೆಯಬೇಕಾದರೆ ಕೈ ಬಿಡಲೇಬೇಕು, ರೆಫ್ರಿಗೂ ಬಿಟ್ಟದ್ದು ಕಾಣುತ್ತದೆ.

'ಇದೇನಣ್ಣಾ, ಭಜನೆ ಥರ' ಅಂತ ನಕ್ಕರು. ಆದರೆ ಎರಡನೇ ಆಟದಲ್ಲಿ ಹೊಡೆದರು. ಪೆನಾಲ್ಟಿ ಎಂಟರಿಂದ ಮೂರಕ್ಕೆ ಇಳಿಯಿತು. ಬಿದ್ದವನ ಮೇಲೆ ಮುಗಿಬೀಳುವುದನ್ನೂ ನಿಲ್ಲಿಸಿದರು. ರಕ್ಕಿಗೆ, ಅಂದರೆ ನೆಲದ ಮೇಲಿನ ಚೆಂಡಿಗಾಗಿ ಎರಡೂ ಕಡೆಯವರು ನಿಂತು ತಳ್ಳಾಡುವ ಗುಂಪಿಗೆ, ಒಬ್ಬ ಹೋದರೆ ಸಾಕು, ಇಬ್ಬರು ಹೋದರೆ ಹೊರಗೆ ಐದೇ ಜನ ಉಳಿಯುತ್ತಾರೆ, ಎಂಟೂವರೆ ಮೀಟರಿನ ಸಂದು ಹನ್ನೆರಡಾಗುತ್ತದೆ. ಸಣ್ಣ ತಪ್ಪಾದಾಗ ಎರಡೂ ಕಡೆಯವರು ಬಾಗಿ ಭುಜ ಕೊಟ್ಟು, ನಡುವೆ ಹಾಕಿದ ಚೆಂಡಿಗಾಗಿ ತಳ್ಳುವ ಸ್ಕ್ರಮ್ಮಿನ ಬಗ್ಗೆ ಹೇಳುವಂಥದ್ದೇನಿಲ್ಲ. ಮೂವರಿಗೆ ಮೂವರು, ಗರಸಿನ ಮೇಲೆ ಕಾಲು ಊರುವುದಿಲ್ಲ, ಚೆಂಡು ಹಾಕಿದವರಿಗೇ ಸಿಗುತ್ತದೆ. 19–5, ಕೋಲಾರ.

ಆ ಆಟದಲ್ಲೇ ಚಿಂತಾಮಣಿಯ ಹುಡುಗನೊಬ್ಬನ ತಲೆ ಇನ್ನೊಬ್ಬನ ಮೊಣಕೈಗೆ ಬಡಿಯಿತು. ಬಿದ್ದ, ಎದ್ದ, ಎರಡು ಹೆಜ್ಜೆ ತಪ್ಪು ದಿಕ್ಕಿಗೆ ಇಟ್ಟ. ಇಷ್ಟು ಕಂಡರೆ ಮುಗಿಯಿತು, ಹೊರಗೆ. ಮೈದಾನದಲ್ಲಿ ಕೇಳುವ ಪ್ರಶ್ನೆಗಳು ಸರಳ: ಇದು ಯಾವ ಮೈದಾನ, ಈಗ ಎಷ್ಟನೇ ಅರ್ಧ, ಕೊನೆಯ ಟ್ರೈ ಯಾರದು, ಹಿಂದಿನ ಆಟ ಯಾರ ಮೇಲೆ ಆಡಿದ್ದು, ಗೆದ್ದೆವಾ ಸೋತೆವಾ. ಅವನು ನಾಲ್ಕಕ್ಕೆ ಸರಿಯಾಗಿ ಹೇಳಿ ಒಂದಕ್ಕೆ ತಡವರಿಸಿದ. ನಾಲ್ಕು ಸರಿ ಅಂತ ಒಳಗೆ ಕಳಿಸುವ ಹಾಗಿಲ್ಲ. ಐದೂ ಸರಿ ಹೇಳಿದರೂ ಅನುಮಾನವಿದ್ದರೆ ಆ ದಿನ ಆಟವಿಲ್ಲ, ಬೈಕ್ ಓಡಿಸುವಂತಿಲ್ಲ, ಒಬ್ಬನನ್ನೇ ಬಿಡುವಂತಿಲ್ಲ. ವಾಂತಿ, ಹೆಚ್ಚುವ ತಲೆನೋವು, ಮಂಪರು ಕಂಡರೆ ನೇರ ಆಸ್ಪತ್ರೆ. ವೈದ್ಯರು ಬೇಗ ಸರಿ ಹೋಯಿತು ಅಂದರೂ ಮತ್ತೆ ಪಂದ್ಯಕ್ಕೆ ಇಳಿಯಲು ಕನಿಷ್ಠ 21 ದಿನ. 'ನಮ್ಮೋನು ಗಟ್ಟಿ, ಏನಾಗಲ್ಲ' ಅಂದ ಅವರ ನಾಯಕ. ರೆಫ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದಂತೆ ಎಲ್ಲರಿಗೂ ಮಂಡಿ, ಮೊಣಕೈ ಕೆತ್ತಿದ ಗಾಯ. ಅದಕ್ಕೆ ಮೊದಲು ನೀರು, ಸೋಪು. ಗರಸಿನ ಕಾಳು ಒಳಗೆ ಬಿಟ್ಟು ಮುಲಾಮು ಹಚ್ಚಿದರೆ ಬುಧವಾರಕ್ಕೆ ಕೀವು.

ಮೂರನೆಯದು ಶುರುವಾಗುವಾಗ ಹನ್ನೆರಡು ಹತ್ತಿರ. ಡಿಸೆಂಬರ್ ಆದರೇನು, ನೆತ್ತಿಯ ಬಿಸಿಲು ಬಿಸಿಲೇ. ಬೆಳಗ್ಗೆ ಆರಕ್ಕೆ ತಿಂದ ಇಡ್ಲಿ ಕರಗಿ ಎಷ್ಟೋ ಹೊತ್ತಾಗಿತ್ತು. ನಡುವೆ ಬಾಳೆಹಣ್ಣು, ಒಂದು ಲೀಟರಿಗೆ ಒಂದು ಪೊಟ್ಟಣ ಕಲಸಿದ ಓಆರ್‌ಎಸ್. ಪೊಟ್ಟಣವನ್ನು ಅರ್ಧ ಲೀಟರಿಗೇ ಕಲಸಿ 'ಸ್ಟ್ರಾಂಗ್' ಮಾಡಿಕೊಂಡವನೊಬ್ಬ ಗೆರೆಯ ಹೊರಗೆ ಹೊಟ್ಟೆ ಹಿಡಿದು ಕೂತಿದ್ದ.

ಕೋಲಾರ ಎರಡು ಟ್ರೈ ಹಾಕಿತು. ಎರಡೂ ಮೂಲೆಯಲ್ಲಿ. ಟ್ರೈಗೆ ಐದು ಅಂಕ, ಆಮೇಲಿನ ಕನ್ವರ್ಷನ್ನಿಗೆ ಎರಡು. ಆ ಒದೆತವನ್ನು ಚೆಂಡು ನೆಲಕ್ಕೆ ಒತ್ತಿದ ಜಾಗದ ನೇರದಲ್ಲೇ ಹಿಂದೆ ಬಂದು ಒದೆಯಬೇಕು. ಕಂಬದ ನಡುವೆ ಒತ್ತಿದರೆ ಮಕ್ಕಳಾಟ, ಮೂಲೆಯಲ್ಲಿ ಒತ್ತಿದರೆ ಕಂಬಗಳ ಸಂದು ಬಾಗಿಲ ಬಿರುಕಿನಂತೆ ಕಾಣುತ್ತದೆ. ಎರಡನೇ ಟ್ರೈ ಹಾಕಿದವನ ಹಿಂದೆ ಹದಿನೈದು ಮೀಟರಿನಲ್ಲಿ ಯಾರೂ ಇರಲಿಲ್ಲ. ಇನ್-ಗೋಲ್ ಒಳಗೆ ಕಂಬದ ಕಡೆಗೆ ಓಡಿ ಒತ್ತಬಹುದಿತ್ತು. ಗೆರೆ ದಾಟಿದ್ದೇ ತಡ ಡೈವ್ ಹೊಡೆದ, ಫೋಟೋ ಚೆನ್ನಾಗಿ ಬಂತು. ಏಳು ಜನರ ಆಟದಲ್ಲಿ ಚೆಂಡನ್ನು ನಿಲ್ಲಿಸಿ ಒದೆಯುವಂತಿಲ್ಲ, ಕೈಯಿಂದ ನೆಲಕ್ಕೆ ಬಿಟ್ಟು ಪುಟಿಯುತ್ತಲೇ ಒದೆಯುವ ಡ್ರಾಪ್ ಕಿಕ್ಕೇ ಆಗಬೇಕು, ಅದೂ 30 ಸೆಕೆಂಡಿನೊಳಗೆ. ಗಟ್ಟಿ ನೆಲದಲ್ಲಿ ಚೆಂಡು ಬೇಗ, ಎತ್ತರಕ್ಕೆ ಏಳುತ್ತದೆ. ಹುಲ್ಲಿನ ಅಭ್ಯಾಸದಲ್ಲಿ ಒದ್ದರೆ ಕಾಲಿನ ಗೆಣ್ಣಿಗೆ ತಾಗಿ ಓರೆಯಾಗುತ್ತದೆ. ತುದಿ ಕೆಳಗಾಗಿ, ಸೊಂಟಕ್ಕಿಂತ ಕೆಳಗಿನಿಂದ ಬಿಡಬೇಕು. ಎರಡೂ ತಪ್ಪಿದವು. ಚಿಂತಾಮಣಿಯವರು ಒಂದೇ ಟ್ರೈ ಹಾಕಿದ್ದರು, ಕಂಬದ ನಡುವೆ. 10–7.

ಕೊನೆಯ ಅರ್ಧ ನಿಮಿಷದಲ್ಲಿ ಚಿಂತಾಮಣಿಯವನ ಕೈಯಿಂದ ಚೆಂಡು ಮುಂದಕ್ಕೆ ಜಾರಿತು, ನಾಕ್-ಆನ್. ಕೋಲಾರಕ್ಕೆ ಸ್ಕ್ರಮ್, ತಮ್ಮದೇ 22 ಮೀಟರ್ ಗೆರೆಯ ಹತ್ತಿರ. ಸ್ಕ್ರಮ್ ಕಟ್ಟುವಷ್ಟರಲ್ಲಿ ಸಮಯ ಮುಗಿಯಿತು, ರೆಫ್ರಿ ಕೂಗಿ ಹೇಳಿದರು. ರಗ್ಬಿಯಲ್ಲಿ ಸಮಯ ಮುಗಿದ ಮಾತ್ರಕ್ಕೆ ಆಟ ಮುಗಿಯುವುದಿಲ್ಲ, ಚೆಂಡು ಸಾಯಬೇಕು. ಸ್ಕ್ರಮ್ಮಿನಿಂದ ಚೆಂಡು ಹೊರಗೆ ಬಂದ ಮೇಲೆ ಹತ್ತು ಮೀಟರ್ ದೂರದ ಟಚ್ ಗೆರೆಯಾಚೆ, ಅಂದರೆ ಮೈದಾನದ ಪಕ್ಕದ ಗೆರೆಯಿಂದ ಹೊರಕ್ಕೆ, ಒದ್ದರೆ ಮುಗಿಯಿತು, ಪಂದ್ಯವೂ ದಿನವೂ ಕೋಲಾರದ್ದು.

'ಔಟಿಗೆ ಒದಿಯೋ! ಒದಿಯೋ!'

ಇಡೀ ಬೆಂಚು ಕೂಗುತ್ತಿತ್ತು. ಚೆಂಡು ತೆಗೆದುಕೊಂಡವನಿಗೆ ಎದುರಿಗೆ ಸಂದು ಕಂಡಿತು, ಓಡಿದ. ಮೂರು ತಿಂಗಳ ಅಭ್ಯಾಸದಲ್ಲಿ ಒದೆಯಲು ಕೊಟ್ಟ ಹೊತ್ತು ಎಲ್ಲ ಸೇರಿ ಒಂದು ಗಂಟೆ ಆಗಿದ್ದರೆ ಹೆಚ್ಚು. ಕಾಲಿಗೆ ನೆನಪೇ ಇಲ್ಲದ ಕೆಲಸವನ್ನು ಅವನು ಆ ಗಳಿಗೆಯಲ್ಲಿ ಹೇಗೆ ಮಾಡಿಯಾನು? ಹನ್ನೆರಡು ಮೀಟರ್ ಹೋದ ಮೇಲೆ ಚಿಂತಾಮಣಿಯವನೊಬ್ಬ ಕಾಲಿಗೆ ಬಿದ್ದ. ಅದೂ ಆ್ಯಂಕಲ್ ಹೋಲ್ಡೇ, ಆದರೆ ಕೆಡವಿ ಬಿಟ್ಟ, ಎದ್ದ, ಕಾಲೂರಿ ನಿಂತು ಚೆಂಡಿಗೆ ಕೈ ಹಾಕಿದ. ನಮ್ಮವರಲ್ಲಿ ಹತ್ತಿರದವನು ಎಂಟು ಮೀಟರ್ ಹಿಂದೆ. ಬಿದ್ದವನು ಚೆಂಡನ್ನು ಎದೆಗೆ ಅವುಚಿಕೊಂಡು, ಮೊಣಕಾಲು ಮಡಚಿ, ಕಣ್ಣು ಮುಚ್ಚಿ ಮಲಗಿಬಿಟ್ಟ. ಒಂದು, ಎರಡು, ಶಿಳ್ಳೆ.

ಪೆನಾಲ್ಟಿ ಸಿಕ್ಕರೆ ಸಮಯ ಮುಗಿದಿದ್ದರೂ ಆಟ ಮುಂದುವರಿಯುತ್ತದೆ. ಮೂರು ಅಂಕಕ್ಕೆ ಒದ್ದು ಸಮ ಮಾಡಿಕೊಳ್ಳುವ ಅವಕಾಶ ಅವರಿಗಿತ್ತು, ಕೇಳಲೂ ಇಲ್ಲ. ಕಾಲಿಗೆ ತಾಗಿಸಿ ಎತ್ತಿಕೊಂಡು ಓಡಿದರು. ಕೋಲಾರದವರು ಇನ್ನೂ ಹತ್ತು ಮೀಟರ್ ಹಿಂದೆ ಸರಿಯುತ್ತಿದ್ದರು, ಇಬ್ಬರು ಸೊಂಟದ ಮೇಲೆ ಕೈಯಿಟ್ಟು ರೆಫ್ರಿಯ ಕಡೆ ತಿರುಗಿದ್ದರು. ಎರಡು ಪಾಸ್, ಬಲ ಮೂಲೆ, ನನ್ನ ಬಾವುಟದ ಕಾಲ ಬುಡದಲ್ಲೇ ಟ್ರೈ. ಕಾಲು ಗೆರೆಗೆ ತಾಗಿತಾ ಅಂತ ಎಲ್ಲರೂ ನನ್ನನ್ನು ನೋಡಿದರು. ತಾಗಿರಲಿಲ್ಲ; ರಂಗೋಲಿ ಪುಡಿ ಅಲುಗಿಯೂ ಇರಲಿಲ್ಲ. 10–12.

ಊಟ ಆತಿಥೇಯರದ್ದು, ಅದು ಈ ಆಟದ ಪದ್ಧತಿ. ಅವರೆಕಾಯಿ ಕಾಲ, ಹಿತಕಿದಬೇಳೆ ಸಾರು, ಮುದ್ದೆ. ಎರಡು ತಂಡವೂ ಬೆರೆತು ಕೂರಬೇಕು, ಎದುರುಬದುರು ಅಲ್ಲ. ಚೆಂಡು ಅವುಚಿಕೊಂಡು ಮಲಗಿದ್ದವನ ಪಕ್ಕದಲ್ಲೇ ಕಾಲು ಹಿಡಿದವನು ಕೂತ. 'ಬಿಟ್ಟಿದ್ರೂ ನಾನೇ ಎತ್ಕೊತಿದ್ದೆ ಬಿಡೋ' ಅಂದ ಸಮಾಧಾನಕ್ಕೆ. ಅದು ನಿಜವೂ ಹೌದು: ಜೊತೆಯವನು ಎಂಟು ಮೀಟರ್ ಹಿಂದಿದ್ದ ಮೇಲೆ ಬಿಟ್ಟರೂ ಹೋಗುತ್ತಿತ್ತು, ಬಿಡದಿದ್ದರೂ ಹೋಯಿತು. ತಪ್ಪಾದದ್ದು ಅದಕ್ಕೂ ಮೂರು ಸೆಕೆಂಡ್ ಮೊದಲು, ಒದೆಯದೆ ಓಡಿದಾಗ.

ನಾಲ್ಕರ ಹೊತ್ತಿಗೆ ಕಂಬ ಕಿತ್ತೆವು. ಗುಂಡಿಗೆ ಬರೀ ಸಡಿಲ ಮಣ್ಣು ತುಂಬಿದರೆ ಬೆಳಗ್ಗೆ ವಾಕಿಂಗ್ ಬರುವವರ ಕಾಲು ಮುರಿಯುತ್ತದೆ. ಅರ್ಧ ಅಡಿ ಮಣ್ಣು, ನೀರು, ಹಾರೆಯ ಹಿಂಬದಿಯಿಂದ ಕುಟ್ಟು. ಮತ್ತೆ ಅರ್ಧ ಅಡಿ. ನಾಲ್ಕು ಗುಂಡಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕಂಬ ಅವರಲ್ಲೂ ಸಿಗುತ್ತದೆ, ಪೈಪಿಲ್ಲ ಅಂದರು. ಜಿಐ ಪೈಪು ಎರಡನ್ನೂ ಚಿಂತಾಮಣಿಯ ಟೆಂಪೋ ಮೇಲೆ ಕಟ್ಟಿ, ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆ ಬಿಗಿದು ಕಳಿಸಿದೆವು. ಮುಂದಿನ ಪಂದ್ಯ ಅವರ ಮೈದಾನದಲ್ಲಿ.